ಎರಡು ಅಂಗಡಿಗಳಿಗೆ ಹಂಚಿದ ಗುಟ್ಟು

“ಮೈಸೂರಿಗೆ ಜೊತೆಗೆ ಯಾರು ಬರ್ತಾರೆ?” ಎಂದು ಕುಶಾಲನಗರದ ಡಾಕ್ಟರಮ್ಮ ಕೇಳಿದಾಗ “ಅಕ್ಕ ಬರ್ತಾಳೆ” ಎಂದುಬಿಟ್ಟೆ. ನನಗೆ ಅಕ್ಕ ಇಲ್ಲ. ತಂಗಿಯೂ ಇಲ್ಲ. ಇದ್ದ ಅಮ್ಮ ಹೋಗಿ ಎರಡು ಮಳೆಗಾಲ ಕಳೆದಿತ್ತು. ಎದೆಯಲ್ಲಿ ಕೈಗೆ ಸಿಕ್ಕ ಗಂಟಿಗೆ ಅವರು ಎರಡು ಬಗೆಯ ಮಾತ್ರೆ ಬರೆದುಕೊಟ್ಟಿದ್ದರು. ಅದಕ್ಕೆ ಕರಗದಿದ್ದರೆ ಮೈಸೂರಿನಲ್ಲಿ ಸೂಜಿ ಚುಚ್ಚಿ ಪರೀಕ್ಷೆ ಮಾಡಬೇಕು, ಅಲ್ಲಿ ಜೊತೆಗೊಬ್ಬರು ಇರಲೇಬೇಕು ಎಂದರು. ಸೋಮವಾರಪೇಟೆಗೆ ವಾಪಸ್ ಬರುವ ಬಸ್ಸಿನಲ್ಲಿ ನನಗೆ ಗಂಟಿಗಿಂತ ಆ ಇಲ್ಲದ ಅಕ್ಕನದೇ ಚಿಂತೆ.

ಊರಿಗೆ ತಿಳಿಯಬಾರದು ಎಂಬುದು ನನ್ನ ಹಟ. ಅಮ್ಮ ಹಾಸಿಗೆ ಹಿಡಿದಾಗ ನೋಡಲು ಬಂದವರೆಲ್ಲ “ಅಯ್ಯೋ ಪಾಪ” ಎಂದು, ಕಾಫಿ ಕುಡಿದು, ಆಗದ ನನ್ನ ಮದುವೆಯ ಮಾತೆತ್ತಿ ಎದ್ದು ಹೋಗುತ್ತಿದ್ದರು. ಅಂದಿನಿಂದ ಆ ಎರಡು ಪದ ಕಿವಿಗೆ ಬಿದ್ದರೆ ಮೈ ಉರಿಯುತ್ತದೆ.

ಗುಟ್ಟು ಕಾಯುವುದು ನನ್ನ ಕಸುಬೂ ಹೌದು. ಮನೆಯಲ್ಲೇ ಕೂತು ಒಂದು ಕಂಪನಿಗೆ ಪ್ರೋಗ್ರಾಂ ಬರೆಯುತ್ತೇನೆ. ಯಾರದೋ ಸರ್ವರಿನಲ್ಲಿ ಮಾಹಿತಿಯ ದೊಡ್ಡ ಪಟ್ಟಿಯೊಂದಿದೆ, ರೋಗಗಳದ್ದೇ ಅಂದುಕೊಳ್ಳಿ. ನಿಮಗೆ ಅದರಲ್ಲಿ ಒಂದು ಸಾಲು ಬೇಕು. ಯಾವ ಸಾಲು ಕೇಳಿದಿರಿ ಎಂಬುದು ಮಾತ್ರ ಆ ಸರ್ವರಿಗೂ ತಿಳಿಯಬಾರದು. ಇಡೀ ಪಟ್ಟಿಯನ್ನೇ ತರಿಸಿಕೊಂಡರೆ ಗುಟ್ಟು ಉಳಿಯುತ್ತದೆ, ಆದರೆ ಒಂದು ಬೆಂಕಿಪೊಟ್ಟಣಕ್ಕಾಗಿ ಸಂತೆಯನ್ನೇ ಮನೆಗೆ ಹೊತ್ತು ತಂದ ಹಾಗೆ. ಅದಕ್ಕಿಂತ ಅಗ್ಗದ ದಾರಿಯೊಂದಿದೆ. ಅದೇ ಪಟ್ಟಿಯನ್ನು ಎರಡು ಸರ್ವರುಗಳಲ್ಲಿ ಇಡುವುದು. ಒಂದಕ್ಕೆ, ಹೇಗೆಂದರೆ ಹಾಗೆ ಆರಿಸಿದ ಒಂದು ರಾಶಿ ಸಾಲುಗಳ ಮೊತ್ತ ಕೊಡು ಎನ್ನುವುದು; ಕಂಪ್ಯೂಟರಿಗೆ ಪ್ರತಿ ಸಾಲೂ ಒಂದು ಅಂಕಿಯೇ. ಇನ್ನೊಂದಕ್ಕೆ ಅದೇ ರಾಶಿಯಲ್ಲಿ ನಮಗೆ ಬೇಕಾದ ಸಾಲೊಂದನ್ನು ಮಾತ್ರ, ಇಲ್ಲದಿದ್ದರೆ ಸೇರಿಸಿ, ಇದ್ದರೆ ತೆಗೆದು ಕೇಳುವುದು. ಎರಡು ಉತ್ತರಗಳ ನಡುವಿನ ವ್ಯತ್ಯಾಸವೇ ನಮ್ಮ ಸಾಲು. ಒಂದೇ ರಾಶಿ ನೋಡಿದವರಿಗೆ ತಲೆಬುಡ ಅರ್ಥವಾಗುವುದಿಲ್ಲ. ಷರತ್ತು ಒಂದೇ: ಆ ಎರಡು ಸರ್ವರುಗಳು ತಮ್ಮೊಳಗೆ ಮಾತಾಡಿಕೊಳ್ಳಬಾರದು.

ಗಂಟಿನ ಬಗ್ಗೆ ನಾನು ಮೊದಲು ಕೇಳಿದ್ದೂ ನಾನೇ ಬರೆದ ಈ ಪ್ರೋಗ್ರಾಮನ್ನು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: ಏನೂ ಆಗಿರದೆ ಇರಬಹುದು, ಆಗಿರಲೂಬಹುದು, ತಡಮಾಡದೆ ಡಾಕ್ಟರಿಗೆ ತೋರಿಸಿ. ನಾನು ಏನು ಕೇಳಿದೆ ಎಂದು ಒಂದು ನರಪಿಳ್ಳೆಗೂ ತಿಳಿಯಲಿಲ್ಲ. ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು. ಹೆಮ್ಮೆ ಪಡಬೇಕಾದವಳು ಕುರ್ಚಿಯಲ್ಲೇ ಕೂತು ಅತ್ತೆ. ಅತ್ತದ್ದೂ ಯಾರಿಗೂ ತಿಳಿಯಲಿಲ್ಲ.

ಮಾತ್ರೆ ಕೊಳ್ಳುವಾಗಲೂ ಅದೇ ಬುದ್ಧಿ ಓಡಿತು. ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ಒಂದು ಮಾತ್ರೆ, ಬಸ್ ಸ್ಟ್ಯಾಂಡಿನ ಹತ್ತಿರದ್ದರಲ್ಲಿ ಇನ್ನೊಂದು. ಮಾತ್ರೆ ಎದ್ದು ಕಾಣದಿರಲೆಂದು ಜೊತೆಗೆ ಕಣ್ಣಿಗೆ ಬಿದ್ದದ್ದೆಲ್ಲ. ಆರಿಸುವುದರಲ್ಲಿ ತರ್ಕ ಇರಬಾರದು, ಅದು ನಮ್ಮ ಕಸುಬಿನ ನಿಯಮ. ಹಾಗಾಗಿ ಅಲ್ಲಿ ನೋವಿನ ಮುಲಾಮು, ಗ್ರೈಪ್ ವಾಟರ್. ಇಲ್ಲಿ ಕೆಮ್ಮಿನ ಸಿರಪ್ಪು, ಮಕ್ಕಳ ಸೋಪು, ಪೌಡರು. ಎಲ್ಲವನ್ನೂ ಅಮ್ಮನ ಔಷಧಿ ಇರುತ್ತಿದ್ದ ಕಪಾಟಿಗೆ ತುಂಬಿ ಬಾಗಿಲು ಹಾಕಿದೆ.

ಮಾತ್ರೆ ಮುಗಿಯಿತು, ಗಂಟು ಕರಗಲಿಲ್ಲ. ಮೈಸೂರಿನ ಪರೀಕ್ಷೆಗೆ ದಿನ ಗೊತ್ತಾಯಿತು. ಫೋನಿನಲ್ಲಿದ್ದ ಹೆಸರುಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಜಾಲಾಡಿದೆ. ಜೊತೆಯಲ್ಲಿ ಕೆಲಸ ಮಾಡುವವರ ಮುಖವೆಲ್ಲ ಪರದೆಯ ಮೇಲೆ ಗೊತ್ತು, ಆದರೆ ಅವರಲ್ಲಿ ಯಾರು ಎಷ್ಟು ಎತ್ತರ ಎಂಬುದೂ ನನಗೆ ತಿಳಿಯದು. ಬನ್ನಿ ಎಂದು ಕರೆಯುವಂಥ ಒಬ್ಬರೂ ಸಿಗಲಿಲ್ಲ. ಅಕ್ಕನಿಗೆ ಹುಷಾರಿಲ್ಲ ಎಂದು ಹೇಳಿದರಾಯಿತು ಅಂದುಕೊಂಡೆ.

ಹೊರಡುವ ಹಿಂದಿನ ಸಂಜೆ ಪಕ್ಕದ ತೋಟದ ಮನೆಯ ಹೆಂಗಸು ಬಾಗಿಲು ಬಡಿದರು. ನನಗಿಂತ ಸ್ವಲ್ಪ ದೊಡ್ಡವರು. ಬೇಲಿಯಾಚೆಯಿಂದ “ಊಟ ಆಯ್ತಾ?” ಎನ್ನುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ, ನಮ್ಮ ನಂಟು ಅಷ್ಟೇ. ಇವತ್ತು ಅವರ ಕೈಯಲ್ಲಿ ಉಣ್ಣೆಯ ಕುಲಾವಿಯೊಂದಿತ್ತು, ಜೊತೆಗೆ ಮಗುವಿಗೆ ತೇಯ್ದು ನೆಕ್ಕಿಸುವ ಬಜೆಯ ತುಂಡು.

“ಮಗೂನ ತಂದ್ಕಂಡು ಸಾಕ್ತಿದೀಯಂತಲ್ಲವ್ವ, ಪಕ್ಕದ ಮನೆಯೋಳಿಗೆ ಒಂದು ಮಾತು ಹೇಳೋದಲ್ವಾ?” ದನಿಯಲ್ಲಿ ಮುನಿಸಿತ್ತು. “ಎಲ್ಲೈತೆ, ಮಲಗೈತಾ?”

“ಯಾರು ಹೇಳಿದ್ದು?”

“ಮೆಡಿಕಲ್ ಶಾಪೋರು ಇಬ್ರೂ ಒಟ್ಟಿಗೇ ಟೀ ಕುಡಿಯಾಕೆ ಬತ್ತಾರಲ್ಲ. ಒಬ್ರು ಗ್ರೈಪ್ ವಾಟರ್ ತಗಂಡ್ಲು ಅಂದ್ರಂತೆ, ಇನ್ನೊಬ್ರು ಸೋಪು, ಪೌಡ್ರು ಅಂದ್ರಂತೆ. ನಮ್ಮನೆಯೋರು ಅಲ್ಲೇ ಕುಂತಿದ್ರು.”

ಮಾತ್ರೆಯ ಮಾತನ್ನು ಯಾರೂ ಎತ್ತಿರಲಿಲ್ಲ. ಗುಟ್ಟು ಗಟ್ಟಿಯಾಗಿಯೇ ಉಳಿದಿತ್ತು. ನನ್ನ ಎರಡು ಸರ್ವರುಗಳು ಮಾತ್ರ ದಿನವೂ ಒಂದೇ ಬೆಂಚಿನಲ್ಲಿ ಕೂತು ಟೀ ಕುಡಿಯುತ್ತಿದ್ದವು. ಎರಡು ರಾಶಿ ಕೂಡಿಸಿ, ನಾನು ಕೇಳದೇ ಇದ್ದ ಉತ್ತರವೊಂದನ್ನು ತೆಗೆದು ಊರಿಗೆ ಹಂಚಿದ್ದವು. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ಅಳು ಬಂತು, ಬಂದದ್ದು ನಿಲ್ಲಲಿಲ್ಲ.

ಅವರು ಒಳಗೆ ಬಂದು ಕೂತರು. ಮಗು ಇಲ್ಲ ಎಂದೆ. ಇರುವುದು ಏನೆಂದೂ ಹೇಳಿದೆ, ನಾಳೆ ಮೈಸೂರಿಗೆ ಹೋಗಬೇಕು ಎಂದೂ ಹೇಳಿದೆ. ಡಾಕ್ಟರಮ್ಮನಿಗೆ ಹೇಳಿದ ಸುಳ್ಳೊಂದನ್ನು ಬಿಟ್ಟು ಎಲ್ಲ ಹೇಳಿದೆ. ಆಮೇಲೆ “ಅಯ್ಯೋ ಪಾಪ” ಬರುತ್ತದೆಂದು ಹಲ್ಲು ಕಚ್ಚಿ ಕಾದೆ. ಬರಲಿಲ್ಲ. ಅವರು ಕುಲಾವಿಯನ್ನು ಮಡಚಿ ಮಡಿಲಲ್ಲಿಟ್ಟುಕೊಂಡರು.

“ಕಾಫಿ ಕುಯ್ಯೋಕೆ ಆಳು ಬತ್ತಾರೆ ನಾಳೆ. ಇರ್ಲಿ, ನಮ್ಮನೆಯೋರು ನೋಡ್ಕತಾರೆ. ಯಾವ ಬಸ್ಸಿಗೆ ಹೊರಡಾದು?”

“ಬೆಳಿಗ್ಗೆ ಮೊದಲನೇದಕ್ಕೆ, ಅಕ್ಕಾ” ಎಂದೆ. ಅಲ್ಲಿಯವರೆಗೆ ನಾನು ಅವರನ್ನು ಏನೆಂದೂ ಕರೆದಿರಲಿಲ್ಲ.