ದಂತವಿಲ್ಲದ ತಾಯಂದಿರು

ಎರ್ಮೆಲಿಂಡಾಳ ಅಪ್ಪನನ್ನು ಕೊಂದವನು ಅವಳ ಮನೆಯಿಂದ ಕೂಗಳತೆಯ ದೂರದಲ್ಲೇ ಇದ್ದ. ಹೆಸರು ಫೆರ್ರಾವ್. ಭಾನುವಾರ ಇಗರ್ಜಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಊರಿನ ಕೂಟದಲ್ಲಿ ಎಲ್ಲರಿಗಿಂತ ಮೊದಲು ಬಾಯಿ ತೆರೆಯುತ್ತಿದ್ದ. ಪುಂಗ್ವೆ ನದಿಯ ಈ ದಡದಲ್ಲಿ ಅವನ ಮೆಕ್ಕೆಜೋಳದ ಹೊಲ, ಆ ದಡದಲ್ಲಿ ಗೊರೊಂಗೋಸಾ ಕಾಡು. ಆ ಕಾಡಿನಲ್ಲಿ ಎರ್ಮೆಲಿಂಡಾ ಅರಣ್ಯ ರಕ್ಷಕಿ.

ದೇಶದೊಳಗೇ ಯುದ್ಧ ನಡೆದಿದ್ದ ಕಾಲದಲ್ಲಿ ಅವಳ ಅಪ್ಪನೂ ಅದೇ ಕೆಲಸದಲ್ಲಿದ್ದ. ಬಂದೂಕು ಹಿಡಿದವರಿಗೆ ಆಗ ಮದ್ದುಗುಂಡು ಬೇಕಿತ್ತು, ಅದನ್ನು ಕೊಳ್ಳಲು ದಂತ ಬೇಕಿತ್ತು, ದಂತಕ್ಕೆ ಆನೆಯ ಹೆಜ್ಜೆ ಬಲ್ಲವನು ಬೇಕಿದ್ದ. ಒಂದು ಮಧ್ಯಾಹ್ನ ಬಂದು ಅಪ್ಪನನ್ನು ಎಬ್ಬಿಸಿಕೊಂಡು ಹೋದರು. ಜೋಳದ ಕಣಜದ ಹಿಂದೆ ಅಡಗಿದ್ದ ಹುಡುಗಿ ಎರ್ಮೆಲಿಂಡಾ ಅವರೆಲ್ಲರ ಮುಖ ನೋಡಿದ್ದಳು. ಅಪ್ಪನ ಕೊರಳಿಗೆ ಹಗ್ಗ ಹಾಕಿದವನು ಫೆರ್ರಾವ್. ಅವರ ಗುಂಪಿನಲ್ಲಿ ಆನೆಗೆ ಗುರಿಯಿಟ್ಟು ಹೊಡೆಯುವವನೂ ಅವನೇ. ಅಪ್ಪ ಮರಳಿ ಬರಲಿಲ್ಲ. ಹಿಂಡು ಇರುವ ಕಡೆ ಬಿಟ್ಟು ಬೇರೆ ಕಡೆಗೆ ದಾರಿ ತೋರಿಸಿದನಂತೆ, ಅದಕ್ಕೇ ಗುಂಡಿಟ್ಟು ಕೊಂದರಂತೆ ಎಂಬ ಗುಸುಗುಸು ಮಾತ್ರ ಬಂತು.

ಯುದ್ಧ ಮುಗಿದಾಗ ಊರಿನ ಹಿರಿಯರು ಎಲ್ಲರನ್ನೂ ನದಿಯಲ್ಲಿ ಮೀಯಿಸಿದರು. ಕೊಂದವರು, ಕಳೆದುಕೊಂಡವರು ಒಂದೇ ನೀರಿನಲ್ಲಿ ಮುಳುಗೆದ್ದು, ಒಂದೇ ಮಡಕೆಯ ಹೆಂಡ ಕುಡಿದರು. ಹಳೆಯದನ್ನು ಯಾರೂ ಕೆದಕಬಾರದು ಎಂದು ಮಾತಾಯಿತು. ಎರ್ಮೆಲಿಂಡಾ ಅಂದು ಜ್ವರವೆಂದು ಚಾಪೆ ಬಿಟ್ಟು ಏಳಲಿಲ್ಲ. ಅವಳ ತಾಯಿ ಹೋಗಿ ಮಿಂದು ಬಂದಳು. ಆದರೂ ಸಾಯುವ ದಿನ ಆಕೆ ಕೇಳಿದ್ದು ಒಂದೇ: "ಅವರನ್ನ ಎಲ್ಲಿ ಮಲಗಿಸಿದ್ದಾರೋ, ಯಾರಾದ್ರೂ ಹೇಳಿದ್ರೇನೇ?" ಆ ಪ್ರಶ್ನೆ ಮಗಳ ಎದೆಯಲ್ಲಿ ಕೆಂಡವಾಗಿ ಕೂತಿತು.

ಕಾಡಿನಲ್ಲಿ ಅಳಿದುಳಿದ ಆನೆಗಳನ್ನು ಕಾಯಲು ಜನ ಬೇಕೆಂದಾಗ ಎರ್ಮೆಲಿಂಡಾ ಮುಂದೆ ಬಂದು ನಿಂತಳು. ಬೇರಾ ಪಟ್ಟಣದಿಂದ ಬಂದ ಪಶುವೈದ್ಯೆ ಗ್ರಾಸಾ ಅವಳನ್ನು ಜೊತೆಗಿಟ್ಟುಕೊಂಡಳು. ಇಬ್ಬರೂ ಜೀಪಿನಲ್ಲಿ ಉರೇಮಾ ಕೆರೆಯ ಬಯಲು ಸುತ್ತುತ್ತ, ಒಂದೊಂದು ಆನೆಯನ್ನೂ ಕಿವಿಯ ಹರುಕಿನಿಂದ ಗುರುತು ಹಿಡಿಯುತ್ತಿದ್ದರು. ಜೀಪು ಕಂಡರೆ ಯುದ್ಧ ಕಂಡ ಹೆಣ್ಣಾನೆಗಳಿಗೆ ಮೈಯೆಲ್ಲ ಉರಿ. ಅಟ್ಟಿಸಿಕೊಂಡು ಬರುತ್ತಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ಹಿರಿಯಳು, ಬಲಗಿವಿಯಲ್ಲಿ ಗುಂಡು ತೂರಿದ ತೂತಿದ್ದವಳು. ಅವಳನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು. ಅಜ್ಜಿಗೆ ದಂತವಿರಲಿಲ್ಲ. ಮುರಿದದ್ದಲ್ಲ, ಹುಟ್ಟಿನಿಂದಲೇ ಇಲ್ಲ. ಅವಳ ಸರೀಕರಲ್ಲಿ ಅರ್ಧಕ್ಕರ್ಧ ಹೀಗೆಯೇ. ಅವರ ಹೆಣ್ಣುಮಕ್ಕಳಲ್ಲೂ ಎಷ್ಟೋ ಜನಕ್ಕೆ ಬೋಳು ಬಾಯಿ.

"ಗುಂಡಿಗೆ ಹೆದರಿ ದಂತಾನೇ ಬಿಟ್ಟುಬಿಟ್ವಾ ಡಾಕ್ಟ್ರೇ?" ಎಂದು ಒಮ್ಮೆ ಎರ್ಮೆಲಿಂಡಾ ಕೇಳಿದಳು.

ಗ್ರಾಸಾ ನಕ್ಕಳು. "ಹೆದರಿಕೆಗೆ ಹಲ್ಲು ಉದುರೋ ಹಾಗಿದ್ರೆ ನಮ್ಮ ಮೇಲಧಿಕಾರಿ ಬಾಯಲ್ಲಿ ಒಂದೂ ಇರ್ತಿರ್ಲಿಲ್ಲ. ಯಾವ ಆನೇನೂ ಬದಲಾಗ್ಲಿಲ್ಲ ಮಾಯಿ. ಹಿಂಡು ಬದಲಾಯ್ತು. ಯುದ್ಧಕ್ಕೆ ಮುಂಚಿನ ಫೋಟೋ ನೋಡು, ದಂತ ಇಲ್ಲದ ಹೆಣ್ಣು ಆಗ್ಲೂ ಇದ್ವು, ಅಲ್ಲೊಂದು ಇಲ್ಲೊಂದು. ದಂತ ಇದ್ದವನ್ನೇ ಹುಡುಕಿ ಹುಡುಕಿ ಹೊಡೆದ್ರು. ಇಲ್ಲದವು ಉಳಿದ್ವು, ಮರಿ ಹಾಕಿದ್ವು. ರಕ್ತದಲ್ಲಿ ಇರೋ ಗುಣ ಅದು, ಮಕ್ಕಳಿಗೂ ಬಂತು."

"ಗಂಡುಮರಿಗೆಲ್ಲ ದಂತ ಇದ್ಯಲ್ಲ?"

"ಆ ಗುಣ ಬಂದ ಗಂಡುಮರಿ ಬಸಿರಲ್ಲೇ ಹೋಗ್ಬಿಡುತ್ತೆ ಅಂತ ಕಾಣುತ್ತೆ. ಅದಕ್ಕೇ ನೋಡು, ಅಜ್ಜಿಯಂಥವರ ಹಿಂದೆ ಗಂಡುಮರಿಗಳೇ ಕಡಿಮೆ."

ಎರ್ಮೆಲಿಂಡಾ ಹಿಂಡಿನಲ್ಲಿದ್ದ ಬೋಳು ಬಾಯಿಗಳನ್ನು ಒಂದೊಂದಾಗಿ ಎಣಿಸಿದಳು. ಯಾವ ಆನೆ ತಾಯಾಗಬೇಕು, ಯಾವುದು ಆಗಬಾರದು ಎಂದು ತೀರ್ಮಾನಿಸಿದವನು ಫೆರ್ರಾವ್. ಹುಟ್ಟದೆ ಹೋದ ಗಂಡುಮರಿಗಳ ಲೆಕ್ಕವೂ ಅವನ ತಲೆಯ ಮೇಲೆಯೇ. ಅವನು ಯುದ್ಧ ಮರೆತು ಹಾಯಾಗಿ ಉಣ್ಣುತ್ತಿದ್ದ, ಆದರೆ ಅವನ ಬಂದೂಕಿನ ಕೆಲಸ ಇನ್ನೂ ಬಸಿರುಗಳೊಳಗೆ ನಡೆದೇ ಇತ್ತು. ಅಂದು ಮನೆಗೆ ಬಂದವಳು ಊಟ ಮಾಡದೆ ಮಲಗಿದಳು.

ಹಿಂಡು ಚೇತರಿಸಿಕೊಂಡ ಮೇಲೆ ನದಿ ದಾಟಿ ಹೊಲಗಳಿಗೆ ನುಗ್ಗತೊಡಗಿತು. ಇಲಾಖೆಯವರು ಜೇನುಪೆಟ್ಟಿಗೆ ಕೊಟ್ಟರು. ದಡದುದ್ದಕ್ಕೂ ಕಂಬ ನೆಟ್ಟು, ತಂತಿ ಎಳೆದು, ಪೆಟ್ಟಿಗೆ ತೂಗುಹಾಕುವುದು. ಆನೆ ತಂತಿ ತಾಗಿಸಿದರೆ ಜೇನು ಎದ್ದು ಕಣ್ಣಿಗೆ, ಸೊಂಡಿಲಿಗೆ ಮುತ್ತುತ್ತದೆ. ಎಲ್ಲಿಂದ ಶುರು, ಎಲ್ಲಿಗೆ ಕೊನೆ ಎಂಬುದನ್ನು ಎರ್ಮೆಲಿಂಡಾಳ ಕೈಗೆ ಬಿಟ್ಟಿದ್ದರು. ಅವಳು ಮೇಲಿನಿಂದ ತಂತಿ ಎಳೆಯುತ್ತ ಬಂದು, ಫೆರ್ರಾವ್‌ನ ಬದುವಿಗೆ ನಿಲ್ಲಿಸಿದಳು. ಅವನ ಹೊಲ ದಾಟಿ ಆಚೆ ಬದುವಿನಿಂದ ಮತ್ತೆ ಶುರುಮಾಡಿದಳು.

ಫಸಲು ಹಾಲುತುಂಬುವ ಹೊತ್ತಿಗೆ ಅಜ್ಜಿಯ ಹಿಂಡು ನದಿ ದಾಟಿತು. ಎಡಕ್ಕೂ ಜೇನು, ಬಲಕ್ಕೂ ಜೇನು, ನಡುವೆ ಬಾಗಿಲು ತೆರೆದಿಟ್ಟಂತೆ ಒಂದು ಹೊಲ. ಬೆಳಗಾಗುವಷ್ಟರಲ್ಲಿ ಅಲ್ಲಿ ದಂಟೂ ಉಳಿದಿರಲಿಲ್ಲ.

ಫೆರ್ರಾವ್ ಏದುಸಿರು ಬಿಡುತ್ತ ಅವಳ ಅಂಗಳಕ್ಕೆ ಬಂದ. "ಏನಮ್ಮಾ, ನನ್ನ ಹೊಲ ನಿನ್ನ ಕಣ್ಣಿಗೆ ಬೀಳ್ಲಿಲ್ವಾ?"

"ಪೆಟ್ಟಿಗೆ ಮುಗಿದೋಯ್ತು ಬಾಬಾ," ಎಂದಳು ಅವಳು, ಮೀನು ಒಣಹಾಕುತ್ತಲೇ.

"ಆಚೆ ಹೊಲಕ್ಕೆ ಹೇಗೆ ಬಂತು ಹಾಗಾದ್ರೆ?"

"ಆಚೆಯವರು ನಮ್ಮಪ್ಪನ ಕೊರಳಿಗೆ ಹಗ್ಗ ಹಾಕಿರ್ಲಿಲ್ಲ."

ಅವನ ಮುಖ ಕಪ್ಪಿಟ್ಟಿತು. "ಅದೆಲ್ಲ ನದೀಲಿ ತೊಳೆದಾಯ್ತು."

"ನಾನು ಮಿಂದಿಲ್ಲ. ಅಪ್ಪ ಎಲ್ಲಿದ್ದಾರೆ ಅಂತ ಊರೆದುರು ಹೇಳು. ಅದೇ ದಿನ ಪೆಟ್ಟಿಗೆ ತರ್ತೀನಿ."

"ನನಗೇನೂ ಗೊತ್ತಿಲ್ಲ," ಎಂದು ಅವನು ಉಗುಳಿ ಹೋದ.

ಮರುವರ್ಷವೂ ಹಾಗೇ ಆಯಿತು. ನೀರು ತರುವ ಹೆಂಗಸರು ಅವನಿಗೆ ಕೇಳುವಂತೆ ಆಡಿಕೊಂಡರು: "ಬೋಳು ಬಾಯಿ ಅಜ್ಜೀರೆಲ್ಲ ಬಂದು ಉಂಡುಹೋದ್ರಂತೆ! ಬಾಬಾ ಫೆರ್ರಾವ್ ದೊಡ್ಡ ಮನಸ್ಸಿನೋರಪ್ಪಾ!" ಅವನು ಇಲಾಖೆಗೆ ಹೋಗಿ ಆ ಆನೆಗಳನ್ನು ಹೊಡೆದುಹಾಕಿ ಎಂದು ಕೂಗಾಡಿದ. ದಂತವೂ ಇಲ್ಲದ ದಂಡಪಿಂಡಗಳು, ತನ್ನ ಕಾಲದಲ್ಲಾಗಿದ್ದರೆ ಎಂದೆಲ್ಲ ಹೇಳಹೋಗಿ, ಬಾಗಿಲಲ್ಲಿ ನಿಂತಿದ್ದ ಎರ್ಮೆಲಿಂಡಾಳನ್ನು ಕಂಡು ನಾಲಿಗೆ ಕಚ್ಚಿಕೊಂಡ. ಅವಳಿಗೆ ಆ ದಿನ ಹಬ್ಬದ ಊಟ ಉಂಡಷ್ಟು ಹಿತವಾಯಿತು.

ಅವನ ಸೊಸೆ ಜುಲ್ಮೀರಾ ಕದ್ದು ಬಂದು ಗೋಗರೆದಳು. "ಮಾಯಿ, ಆ ಹೊಲದಲ್ಲಿ ನನ್ನ ಮಕ್ಕಳ ಗಂಜೀನೂ ಇದೆ. ಅವು ಯಾರಿಗೆ ಏನು ಮಾಡಿದ್ವು?" ಎರ್ಮೆಲಿಂಡಾ ಒಳಗೆ ಹೋಗಿ ತನ್ನ ಕಣಜದಿಂದ ಜೋಳ ಅಳೆದು ಮೂಟೆ ಕಟ್ಟಿ ಅವಳ ತಲೆಗೆ ಎತ್ತಿಕೊಟ್ಟಳು. "ಇದು ನಿನ್ನ ಮಕ್ಕಳಿಗೆ. ಮುದುಕನ ತಟ್ಟೆಗೆ ಒಂದು ಹಿಡಿ ಬಿದ್ರೂ ಇನ್ನು ನನ್ನ ಅಂಗಳ ತುಳೀಬೇಡ." ಜುಲ್ಮೀರಾ ತಲೆತಗ್ಗಿಸಿ ಹೋದಳು. ಎರ್ಮೆಲಿಂಡಾಳಿಗೆ ತನ್ನ ಮಾತು ತನಗೇ ಒಗರಾಗಿತ್ತು. ಆದರೂ ತಂತಿ ಎಳೆಯಲಿಲ್ಲ.

ಮೂರನೆಯ ಫಸಲಿಗೆ ಫೆರ್ರಾವ್ ಹೊಲದಲ್ಲೇ ಅಟ್ಟಣೆ ಕಟ್ಟಿ, ತಗಡಿನ ಡಬ್ಬ ಬಡಿಯುತ್ತ ಕಾವಲು ಕೂತ. ಒಂದು ಮುಂಜಾನೆ ಜುಲ್ಮೀರಾ ಕಿರುಚುತ್ತ ಓಡಿಬಂದಳು. "ಮಾಯಿ, ಬಂದೂಕು ತಗೊಂಡು ಬನ್ನಿ! ಅಜ್ಜಿ ಅಟ್ಟಣೆ ಕೆಡವಿಬಿಟ್ಲು!"

ಎರ್ಮೆಲಿಂಡಾ ಬಂದೂಕು ತೆಗೆದುಕೊಂಡಳು. ಓಡಲಿಲ್ಲ, ನಡೆದಳು.

ಬಿದ್ದ ಅಟ್ಟಣೆಯ ದಿಮ್ಮಿಯಡಿ ಫೆರ್ರಾವ್‌ನ ಕಾಲು ಸಿಕ್ಕಿಕೊಂಡಿತ್ತು. ಅವನೆದುರು ಅಜ್ಜಿ ಕಿವಿಯಗಲಿಸಿ, ತಲೆ ಒದರುತ್ತ, ಧೂಳೆಬ್ಬಿಸುತ್ತ ನಿಂತಿದ್ದಳು. ಹಿಂದೆ ಹೆಣ್ಣುಮಕ್ಕಳು, ಮೊಮ್ಮಕ್ಕಳು. ಗಾಳಿಗೆ ಒಂದು ಗುಂಡು ಹಾರಿಸಿದ್ದರೆ ಹಿಂಡು ಚದುರುತ್ತಿತ್ತು. ಎರ್ಮೆಲಿಂಡಾ ಬದುವಿನಲ್ಲಿ ನಿಂತು ಬಂದೂಕನ್ನು ಹೆಗಲಿಗೇರಿಸದೆ ಹಿಡಿದುಕೊಂಡಳು.

"ಹೊಡಿಯೇ! ಏನು ನೋಡ್ತಾ ನಿಂತಿದ್ದೀಯಾ?" ಫೆರ್ರಾವ್ ಕೀರಲಾಗಿ ಕೂಗಿದ.

"ಗುರುತು ಸಿಕ್ತಾ ಬಾಬಾ? ನೀನೇ ಆರಿಸಿ ಉಳಿಸಿದ ಸಂತಾನ. ಇವಳ ಅಕ್ಕತಂಗೀರನ್ನೆಲ್ಲ ಕೊಂದು ಇವಳನ್ನ ಬಿಟ್ಟೆ. ಬಾಯಲ್ಲಿ ಏನೂ ಇಲ್ಲ ಅಂತ ಬಿಟ್ಟೆ."

ಅಜ್ಜಿ ಒಂದು ಹೆಜ್ಜೆ ಮುಂದಿಟ್ಟಳು. ದಿಮ್ಮಿ ಸರಿದು ಅವನ ಕಾಲು ಮುರಿದ ಸದ್ದು ಬದುವಿನವರೆಗೂ ಕೇಳಿಸಿತು. ಅಷ್ಟರಲ್ಲಿ ಅಕ್ಕಪಕ್ಕದ ಹೊಲದವರೂ ಬಂದು ನಿಂತಿದ್ದರು.

"ನಮ್ಮಪ್ಪ ಎಲ್ಲಿ?"

"ಕೆರೆ ಹತ್ರ... ಹಳದಿ ತೊಗಟೆ ಮರಗಳಿವೆಯಲ್ಲ, ದೊಡ್ಡ ಹುತ್ತದ ಪಕ್ಕ..."

"ಹೂಳಿದ್ರಾ?"

ಅವನು ಅಳುತ್ತಿದ್ದ. "ಇಲ್ಲ. ಅಲ್ಲೊಂದು ಆನೆ ಹೊಡೆದಿದ್ವಿ. ಅದರ ಜೊತೇಲೇ ಬಿಟ್ಟು ಬಂದ್ವಿ. ನಿಮ್ಮಪ್ಪನಿಗೆ ಗುಂಡು ಹೊಡೆದೋನು ನಾನೇ, ನಾನೇ! ಹಿಂಡಿಗೆ ಕೇಳ್ಲಿ, ಓಡಿಹೋಗ್ಲಿ ಅಂತ ದಾರೀಲೆಲ್ಲ ಜೋರಾಗಿ ಹಾಡು ಹೇಳ್ತಿದ್ದ, ಎಷ್ಟು ಹೊಡೆದ್ರೂ ನಿಲ್ಲಿಸ್ಲಿಲ್ಲ. ಇನ್ನು ಬಿಡೇ ತಾಯಿ!"

ಎರ್ಮೆಲಿಂಡಾಳ ಬೆರಳು ಬಂದೂಕಿನ ಕುದುರೆಯ ಮೇಲಿತ್ತು. ಕೊಳವೆ ಯಾವ ಕಡೆ ತಿರುಗಬೇಕು ಎಂದು ಅವಳು ಯೋಚಿಸಿದ್ದು ನಿಜ. ಜುಲ್ಮೀರಾ ಅವಳ ತೋಳು ಹಿಡಿದು "ಮಾಯಿ" ಎಂದಳು. ಎರ್ಮೆಲಿಂಡಾ ಕೊಳವೆಯನ್ನು ಆಕಾಶಕ್ಕೆ ಎತ್ತಿ ಗುಂಡು ಹಾರಿಸಿದಳು. ಹಿಂಡು ನೀರು ಚಿಮ್ಮಿಸುತ್ತ ಆಚೆ ದಡ ಸೇರಿತು.

ಗ್ರಾಸಾಳ ಜೀಪಿನಲ್ಲಿ ಅವಳು ಕೆರೆಯ ಬಳಿಗೆ ಹೋದಳು. ಹುತ್ತದ ಪಕ್ಕದಲ್ಲಿ ಹುಲ್ಲಿನೊಳಗೆ ಆನೆಯ ತಲೆಬುರುಡೆ ಸಿಕ್ಕಿತು, ದಂತವಿದ್ದ ಕಡೆ ಕೊಡಲಿಯ ಏಟಿನ ಗುರುತು. ಮನುಷ್ಯನ ಎಲುಬು ಒಂದೂ ಸಿಗಲಿಲ್ಲ, ಕತ್ತೆಕಿರುಬ ಯಾವಾಗಲೋ ಎಳೆದೊಯ್ದಿರಬೇಕು. ಅಲ್ಲಿಯ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ತಂದು ತಾಯಿಯ ಮಗ್ಗುಲಲ್ಲಿ ಹೂಳಿದಳು.

ಫೆರ್ರಾವ್ ಬದುಕಿದ, ಕಾಲು ಮಾತ್ರ ಸೊಟ್ಟಗಾಯಿತು. ಇಗರ್ಜಿಯಲ್ಲಿ ಅವನು ಕೂತ ಬೆಂಚಿಗೆ ಮತ್ತೊಬ್ಬರು ಬರಲಿಲ್ಲ. ಹಿರಿಯರು ಎರ್ಮೆಲಿಂಡಾಳನ್ನು ಕರೆಸಿದರು. "ಅವನು ಊರೆದುರು ಹೇಳಿಯಾಯ್ತು. ಕೊಟ್ಟ ಮಾತಿನಂತೆ ಇನ್ನಾದ್ರೂ ಪೆಟ್ಟಿಗೆ ಹಾಕು."

"ಕೇಳಿದಾಗ ಹೇಳಿದ್ರೆ ಹಾಕ್ತಿದ್ದೆ. ಆನೆ ಕಾಲಡಿ ಹೇಳಿದ್ದು ಲೆಕ್ಕಕ್ಕಿಲ್ಲ. ಅವನು ಬದುಕಿ ಉಣ್ಣೋವಷ್ಟು ದಿನ ಆ ಹೊಲಕ್ಕೆ ತಂತಿ ಇಲ್ಲ," ಎಂದು ಎದ್ದುಬಂದಳು. ಹಾಗೇ ನಡೆದುಕೊಂಡಳು ಕೂಡ. ಜುಲ್ಮೀರಾಳ ಮನೆಗೆ ಜೋಳದ ಮೂಟೆ ಹೋಗುತ್ತಿತ್ತು, ಹೊಲ ಬಯಲಾಗಿಯೇ ಇತ್ತು.

ಎರಡು ಮಳೆಗಾಲ ಕಳೆದು ಮುದುಕ ಸತ್ತ. ಅವಳು ಮಣ್ಣಿಗೆ ಹೋಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಕಂಬ, ಪೆಟ್ಟಿಗೆ ಹೇರಿಕೊಂಡು ಆ ಬದುವಿಗೆ ಬಂದಳು. ಜುಲ್ಮೀರಾ ತಂತಿಯ ಇನ್ನೊಂದು ತುದಿ ಹಿಡಿದಳು. ಎರಡನೆಯ ಕಂಬಕ್ಕೆ ಬಂದಾಗ ಕೇಳಿದಳು, "ಈಗಲಾದ್ರೂ ಸಿಟ್ಟು ಇಳೀತಾ ಮಾಯಿ?"

"ಸಡಿಲ ಬಿಡಬೇಡ, ಎಳಿ," ಎಂದಳು ಎರ್ಮೆಲಿಂಡಾ.