ಹಂಪಮ್ಮ ಹಿಡಿದ ಸ್ಟೇರಿಂಗು

ಹದಿನೆಂಟು ವರ್ಷ ಡ್ರೈವರ್ ಸೀಟಿನಲ್ಲಿ ಕೂತರೂ ಹಂಪಮ್ಮ ಒಂದು ಮಾರು ದೂರ ಗಾಡಿ ಓಡಿಸಿದವಳಲ್ಲ. ಅವಳು ಕೂತ ಜೀಪುಗಳೆಲ್ಲ ನಿಂತ ಜೀಪುಗಳೇ. ಗಂಡ ದ್ಯಾವಪ್ಪ ಕೆಳಗೆ ಗೋಣಿತಟ್ಟಿನ ಮೇಲೆ ಅಂಗಾತ ಮಲಗುತ್ತಿದ್ದ. ಅವನು ಬೋಲ್ಟು ಬಿಚ್ಚುವ ಪಾನಾದಿಂದ ಕಬ್ಬಿಣಕ್ಕೆ ಒಂದು ಸಲ ಬಡಿದರೆ ಅವಳು ಸ್ಟೇರಿಂಗನ್ನು ಗೇಣುದ್ದ ಎಡಕ್ಕೆ, ಗೇಣುದ್ದ ಬಲಕ್ಕೆ ಆಡಿಸಬೇಕು. ಎರಡು ಸಲ ಬಡಿದರೆ ನಿಲ್ಲಿಸಬೇಕು. ಅವಳು ಆಡಿಸುವಾಗ ಅವನು ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ಎಲ್ಲಿ ಸಡಿಲಾಗಿದೆ ಎಂದು ಹುಡುಕುತ್ತಿದ್ದ. ಈ ಕೆಲಸಕ್ಕೆ ಆಳು ಇಟ್ಟರೆ ಪಗಾರ ಕೊಡಬೇಕು. ಹೆಂಡತಿಗೆ ಊಟ ಹಾಕಿದರೆ ಸಾಕು, ಅದನ್ನೂ ಅವಳೇ ಬೇಯಿಸಿರುತ್ತಾಳೆ.

ರಾಯಚೂರು ಕಡೆಯಿಂದ ಕಲ್ಲು ಹೊರಲು ಹೈದರಾಬಾದಿಗೆ ಬಂದ ದ್ಯಾವಪ್ಪ ಮೇಸ್ತ್ರಿಯೊಬ್ಬನ ಕೈಕೆಳಗೆ ರಿಪೇರಿ ಕಲಿತು, ಅಮೀರ್‌ಪೇಟ್‌ನ ಮೆಟ್ರೋ ಕಂಬಗಳ ಹಿಂದಿನ ಗಲ್ಲಿಯಲ್ಲಿ ತಗಡಿನ ಶೆಡ್ಡು ಹಾಕಿದ್ದ. ರವಿವಾರ ಬಂದರೆ ಬಂಡೆ ಹತ್ತಿಸಲು ಜೀಪು ತಗೊಂಡು ಹೋಗುವ ಶೋಕಿ ಜನರೆಲ್ಲ ಅವನ ಗಿರಾಕಿಗಳು. ದ್ಯಾವಪ್ಪನ ಕೈಗುಣವೇ ಕೈಗುಣ ಎಂದು ತೆಲುಗಿನಲ್ಲೂ ಹಿಂದಿಯಲ್ಲೂ ಹೊಗಳುತ್ತಿದ್ದರು. ಆ ಹೊಗಳಿಕೆ ನಡೆಯುವಾಗ ಹಂಪಮ್ಮ ಸಾಮಾನ್ಯವಾಗಿ ಅವರಿಗೆ ಚಹಾ ಕೊಡುತ್ತಿರುತ್ತಿದ್ದಳು.

ಆ ಕೈಗುಣಕ್ಕೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ ಹತ್ತಿತ್ತು. ಕೋಠಿ ಪೇಟೆಯಿಂದ ಗುಳಿಗೆ ತರುವವಳು ಹಂಪಮ್ಮನೇ. ಒಂದು ದಿನ ದ್ಯಾವಪ್ಪ ಕುದಿಯುವ ಚಹಾದ ಪಾತ್ರೆಯನ್ನು ಬರಿಗೈಲಿ ಇಳಿಸಿದ, ಬೊಬ್ಬೆ ಎದ್ದ ಮೇಲೂ ಅವನಿಗೆ ಗೊತ್ತಾಗಲಿಲ್ಲ. ಬೆರಳಿನ ಸ್ಪರ್ಶ ಸತ್ತಿದೆ ಎಂದು ಗೊತ್ತಾದದ್ದು ಅವಳಿಗೆ. ಆ ಬೆರಳುಗಳೇ ಅವರ ಅನ್ನ, ಹಾಗಾಗಿ ಅವಳು ಬಾಯಿ ಬಿಡಲಿಲ್ಲ.

ಇನ್ನೊಂದು ಮಾತನ್ನೂ ಅವಳು ಯಾರಿಗೂ ಹೇಳಿರಲಿಲ್ಲ. ಹದಿನೆಂಟು ವರ್ಷ ಆಡಿಸಿ ಆಡಿಸಿ, ಕೆಳಗೆ ಯಾವ ಕೀಲು ಸಡಿಲಾಗಿದೆ ಎಂಬುದು ಅವಳ ಅಂಗೈಗೇ ತಿಳಿಯುತ್ತಿತ್ತು. ಚಕ್ರದ ಹತ್ತಿರದ್ದಾದರೆ ಒಂಥರಾ, ಸ್ಟೇರಿಂಗ್ ಪೆಟ್ಟಿಗೆಯದಾದರೆ ಇನ್ನೊಂಥರಾ. ಕಲಿಸಿದವರಿಲ್ಲ, ಕೇಳಿದವರೂ ಇಲ್ಲ.

ಮಹೇಶಕುಮಾರನ ಜೀಪು ಬಂದದ್ದು ಅಂಥ ಹೊತ್ತಿನಲ್ಲಿ. ಬೀದರ್ ಕಡೆಯವನು, ಕೋಠಿಯಲ್ಲಿ ಬಟ್ಟೆ ಅಂಗಡಿ. ದೊಡ್ಡ ಟೈರು ಹಾಕಬೇಕೆಂದು ಜೀಪನ್ನು ನಾಲ್ಕು ಇಂಚು ಎತ್ತರಿಸಿದ್ದ. ಅಂದಿನಿಂದ ಅರವತ್ತರ ವೇಗದಲ್ಲಿ ಒಂದು ಗುಂಡಿ ಹಾರಿದರೆ ಸಾಕು, ಮುಂದಿನ ಚಕ್ರಗಳೆರಡೂ ಥರಥರ ನಡುಗಿ ಸ್ಟೇರಿಂಗು ಕೈಯಿಂದ ಕಸಿದುಕೊಂಡು ಹೋಗುತ್ತಿತ್ತು. ಬೇರೆ ಗ್ಯಾರೇಜಿನವರು ನಡುಕ ತಡೆಯುವ ಡ್ಯಾಂಪರ್ ಹಾಕಿ ಕಳಿಸಿದ್ದರು. "ಅದು ನೋವಿನ ಗುಳಿಗಿ ಇದ್ದಂಗ್ರಿ, ಗಾಯ ಮಾಯಂಗಿಲ್ಲ," ಎಂದು ದ್ಯಾವಪ್ಪ ಅವರ ಕೆಲಸ ನೋಡಿ ನಕ್ಕಿದ್ದ. ನಕ್ಕವನು ತಾನು ಮಾಡಿದ್ದೇನು? ಟೈರು ಬ್ಯಾಲೆನ್ಸ್ ಮಾಡಿಸಿದ, ಚಕ್ರದ ಹತ್ತಿರದ ಕೀಲುಗಳನ್ನು ಬದಲಿಸಿದ, ಕಡೆಗೆ ಇನ್ನೂ ದಪ್ಪನೆಯ ಹೊಸ ಡ್ಯಾಂಪರ್ ಒಂದನ್ನು ಬಿಗಿದ.

ಜೀಪು ಒಪ್ಪಿಸುವ ದಿನ ಮಹೇಶಕುಮಾರ ಗಲ್ಲಿಯ ತುದಿಯಲ್ಲಿ ಫೋನಿನಲ್ಲಿದ್ದ. ದ್ಯಾವಪ್ಪ ಕೊನೆಯ ಸಲ ಕೆಳಗೆ ಮಲಗಿ ಪಾನಾ ಬಡಿದ. ಹಂಪಮ್ಮ ಆಡಿಸಿದಳು. ಎಡದಿಂದ ಬಲಕ್ಕೆ ಹೊರಳುವಾಗ ಅಂಗೈಗೆ ಕಟ್ ಎಂದು ಒಂದು ಪೆಟ್ಟು ಬಂತು.

"ರೀ, ಅಡ್ಡ ರಾಡಿನ್ಯಾಗ ಕಟ್ ಅನ್ನಾಕತ್ತೈತ್ರಿ."

ಮುಂದಿನ ಆ್ಯಕ್ಸಲ್ಲು ಅತ್ತಿತ್ತ ಸರಿಯದಂತೆ ಹಿಡಿದಿಡುವ ರಾಡು ಅದು. ದ್ಯಾವಪ್ಪ ಅದರ ಬೋಲ್ಟಿನ ಮೇಲೆ ಬೆರಳಿಟ್ಟ. ಬೆರಳು ಏನೂ ಹೇಳಲಿಲ್ಲ.

"ನನ್ನ ಕೈಗೆ ಹತ್ತಲಾರದ್ದು ನಿನ್ನ ಕೈಗೆ ಹತ್ತೈತೇನು? ನಿಂದು ತಿರುಗಸೂ ಕೆಲಸ, ತಿರುಗಸು."

"ಬೋಲ್ಟ್ ಒಮ್ಮೆ ಬಿಚ್ಚಿ ನೋಡ್ರಿ."

"ಬಾಯಿ ಮುಚ್ಚು. ಗಿರಾಕಿ ಬರಾಕತ್ತಾನ."

ಮಹೇಶಕುಮಾರ ಬಂದ. "ಎಲ್ಲಾ ಸರಿ ಅದ ಏನ್, ದ್ಯಾವಪ್ಪ?"

"ಬೆಣ್ಣಿಯಂಗ ಐತ್ರಿ ಸಾವಕಾರ್ರ."

ಹಂಪಮ್ಮ ಸೀಟಿನಿಂದ ಇಳಿದಳು. ಗಿರಾಕಿಯ ಎದುರು ಗಂಡನ ಮಾತು ತೆಗೆದುಹಾಕಬಾರದು ಎಂಬುದು ಅವಳ ತವರಿನ ಪಾಠ, ಶೆಡ್ಡಿನ ಕಾನೂನೂ ಅದೇ. ಮಹೇಶಕುಮಾರನ ಹತ್ತು ವರ್ಷದ ಮಗಳು ಪಿಂಕಿ ಮುಂದಿನ ಸೀಟಿಗೆ ಹತ್ತಿ, ಜೀಪು ಹೊರಟಾಗ ಕಿಟಕಿಯಿಂದ ಕೈ ಬೀಸಿದಳು. ಹಂಪಮ್ಮನೂ ಬೀಸಿದಳು.

ಹನ್ನೊಂದನೆಯ ದಿನ ಜೀಪು ಟೋಯಿಂಗ್ ಗಾಡಿಯ ಹಿಂದೆ ನೇತಾಡುತ್ತ ಬಂತು. ವಿಕಾರಾಬಾದ್ ರಸ್ತೆಯಲ್ಲಿ ಗುಂಡಿ ಹಾರಿ, ಚಕ್ರ ನಡುಗಿ, ಸ್ಟೇರಿಂಗು ಕಸಿದುಕೊಂಡು ಸೇತುವೆಯ ಕಟ್ಟೆಗೆ ಗುದ್ದಿತ್ತು. ಪಿಂಕಿಯ ಬಲಗೈ ಎರಡು ಕಡೆ ಮುರಿದು, ದವಾಖಾನೆಯಲ್ಲಿ ಒಳಗೆ ಉಕ್ಕಿನ ಸಳಿ ಹಾಕಿದ್ದರು.

"ಏನ್ ತಪ್ಪಾಗ್ಯದ, ನನ್ನ ಕಣ್ಣ ಮುಂದ ತೋರ್ಸು," ಎಂದ ಮಹೇಶಕುಮಾರ. ಅವನು ಕೂಗಲಿಲ್ಲ. ಕೂಗಿದ್ದರೆ ಹಂಪಮ್ಮನಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ದ್ಯಾವಪ್ಪ ಮಲಗಿದ, ಬಡಿದ. ಅವಳು ಆಡಿಸಿದಳು. ಅದೇ ಪೆಟ್ಟು, ಈಗ ಮೊಣಕೈತನಕ ಬಂತು. ಕೆಳಗಿದ್ದವನು ಒಂದೊಂದೇ ಕೀಲು ಮುಟ್ಟಿ, ಏನೂ ಸಿಗದೆ, ಬೆವರೊರೆಸುತ್ತ ಎದ್ದು ಬಂದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

"ಇಕಿ ಅವತ್ತ ಸರಿಯಾಗಿ ತಿರುಗಿಸಿಲ್ರಿ ಸಾವಕಾರ್ರ. ಮೈಮ್ಯಾಲ ಎಚ್ಚರಾನ ಇರಂಗಿಲ್ಲ ಇಕಿಗೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಂಥ ಬರೆಗಳನ್ನು ಹಂಪಮ್ಮ ಬೇಕಾದಷ್ಟು ತಿಂದಿದ್ದಳು, ಆದರೆ ಇದು ಮಾತ್ರ ಒಳಗಿಳಿಯಲಿಲ್ಲ. ಸೀಟಿನಿಂದ ಇಳಿದು ಬಂದು ಜೀಪಿನ ಮುಂದೆ ಬಗ್ಗಿ ಅಡ್ಡ ರಾಡಿನ ಮೇಲೆ ಕೈಯಿಟ್ಟಳು.

"ಈ ಬೋಲ್ಟ್ ಬಿಚ್ಚರಿ."

ಗಿರಾಕಿ ನೋಡುತ್ತಿದ್ದ. ದ್ಯಾವಪ್ಪ ಬಿಚ್ಚಲೇಬೇಕಾಯಿತು. ದುಂಡಗಿರಬೇಕಾದ ಬೋಲ್ಟಿನ ತೂತು ಕೋಳಿಮೊಟ್ಟೆಯ ಹಾಗೆ ಉದ್ದವಾಗಿತ್ತು. ಗುದ್ದಿದ ಏಟಿಗೆ ಹರಿದದ್ದಲ್ಲ. ಎಷ್ಟೋ ತಿಂಗಳು ಬೋಲ್ಟು ಆಡಿ ಆಡಿ ಅಂಚು ಸವೆದು ಹೊಳೆಯುತ್ತಿತ್ತು.

ಮಹೇಶಕುಮಾರ ತೂತನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಆ ಶೆಡ್ಡಿನಲ್ಲಿ ಒಬ್ಬ ಗಿರಾಕಿ ಅವಳ ಮುಖ ನೋಡಿದ್ದು ಅದೇ ಮೊದಲು. "ನಿನಗ ಹ್ಯಾಂಗ ಗೊತ್ತಾಯ್ತವ್ವಾ?"

"ಅವತ್ತ ಕೈಗೆ ಹತ್ತಿತ್ರಿ," ಎಂದಳು ಹಂಪಮ್ಮ. ಹೇಳುವಾಗ ಎದೆ ಉಬ್ಬಿತ್ತು. ಸುಳ್ಳೇಕೆ, ಹದಿನೆಂಟು ವರ್ಷದ ಹೆಮ್ಮೆ ಆ ಒಂದು ಮಾತಿನಲ್ಲಿತ್ತು.

"ಅವತ್ತ?" ಅವನ ದನಿ ಬದಲಾಯಿತು. "ಅವತ್ತೇ ಗೊತ್ತಿತ್ತು ನಿನಗ? ಗೊತ್ತಿದ್ದೂ ನನ್ನ ಮಗಳನ್ನ ಇದರಾಗ ಕೂಡ್ಸಿ ಕಳ್ಸಿದಿ?"

ಅವಳು ಗಂಡನ ಕಡೆ ನೋಡಿದಳು. ನನಗೆ ಹೇಳಿದ್ದಳು, ನಾನೇ ಕೇಳಲಿಲ್ಲ ಎನ್ನಲು ಅವನಿಗೆ ಒಂದು ಉಸಿರು ಸಾಕಿತ್ತು. ದ್ಯಾವಪ್ಪ ಬೋಲ್ಟಿನ ಜಿಡ್ಡನ್ನು ಬಟ್ಟೆಯಿಂದ ಒರೆಸುತ್ತ ನಿಂತಿದ್ದ. ಹೇಳಿದ್ದೆ ಎಂದು ತಾನೇ ಬಾಯಿಬಿಡಬಹುದಿತ್ತು. ಆದರೆ ಹೇಳಿದ್ದು ಗಂಡನಿಗೆ, ಈ ಮನುಷ್ಯನಿಗಲ್ಲ. ಆ ಹುಡುಗಿಗಂತೂ ಅಲ್ಲ. ಅದು ಅವಳಿಗೂ ಗೊತ್ತಿತ್ತು.

"ಪಿಂಕಿ ಕೈ ಬೀಸಿದ್ಲರಿ ಅವತ್ತ," ಎಂದಳು ಹಂಪಮ್ಮ. "ನಾನೂ ಬೀಸಿದ್ನಿ."