ಕಪ್ಪಿಗೋಸ್ಕರ ತೆಗೆದ ಫೋಟೊ

ಬೇಗೂರಿನಲ್ಲಿ ಚಿನ್ನಪ್ಪನದೊಂದು ಫೋಟೊ ಸ್ಟುಡಿಯೊ ಇತ್ತು. ಕ್ಯಾಮೆರಾ ಚಿನ್ನಪ್ಪನ ಪಾಲು, ಉಳಿದದ್ದೆಲ್ಲ ಹೆಂಡತಿ ಮಾರಕ್ಕನದು. ಫಿಲ್ಮ್ ತೊಳೆಯುವುದು, ಪ್ರಿಂಟು ಹಾಕುವುದು, ಆಮೇಲೆ ಕಿಟಕಿಯ ಬೆಳಕಿಗೆ ಕೂತು ಕೂದಲೆಳೆಯಂಥ ಕುಂಚದಲ್ಲಿ ಕಲೆ ಮುಚ್ಚುವುದು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆಗಿನ್ನೂ ಕಾರ್ಖಾನೆಗಳು ಒಂದೊಂದೇ ಏಳುತ್ತಿದ್ದವು. ಕೆಲಸಕ್ಕೆ ಸೇರುವವರು ಗುರುತಿನ ಚೀಟಿಯ ಫೋಟೊ ತೆಗೆಸಲು ಇಲ್ಲಿಗೇ ಬರುತ್ತಿದ್ದರು. ಮಾರಕ್ಕನ ಕೈಗೆ ಸಿಕ್ಕ ಮುಖಕ್ಕೆ ವಯಸ್ಸು ಇಳಿಯುತ್ತದೆ ಎಂದು ಊರೆಲ್ಲ ಹೆಸರು.

ಎಂಬತ್ತಮೂರನೇ ಇಸವಿಯ ಬೇಸಿಗೆಯಲ್ಲಿ ನರಸಿಂಹಯ್ಯ ಒಂದು ರೋಲು ಕೊಟ್ಟುಹೋದ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅವನಿಗೆ ಆಕಾಶದ ಹುಚ್ಚು. ತೊಳೆದು ನೋಡಿದರೆ ರೋಲಿನ ತುಂಬ ಚುಕ್ಕಿಗಳು. ಒಳ್ಳೆಯದೊಂದನ್ನು ಮಾರಕ್ಕ ದೊಡ್ಡದಾಗಿ ಪ್ರಿಂಟು ಹಾಕಿದಳು. ಒತ್ತೊತ್ತಾದ ಚುಕ್ಕಿಗಳ ನಡುವೆ ಅಂಗೈಯಗಲ ಕಪ್ಪು. ನೀರು ನಿಂತು ಕಲೆಯಾಗಿದೆ, ತನ್ನದೇ ತಪ್ಪು ಎಂದುಕೊಂಡಳು. ಊಟವನ್ನೂ ಮರೆತು, ಬಿಳಿ ಬಣ್ಣದಲ್ಲಿ ಆ ಕಪ್ಪಿನ ತುಂಬ ನಕ್ಷತ್ರಗಳನ್ನಿಟ್ಟಳು. ಸುತ್ತಲಿನವುಗಳಿಗಿಂತ ಚೆಂದವಾಗಿಯೇ ಬಂದವು.

ನರಸಿಂಹಯ್ಯ ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

“ಅಕ್ಕಾ, ನಾನು ಫೋಟೊ ತೆಗೆದಿದ್ದೇ ಆ ಕಪ್ಪಿಗೋಸ್ಕರ ಕಣಕ್ಕಾ! ಬ್ರಹ್ಮ ಬಿಟ್ಟ ಜಾಗನ ನೀವು ತುಂಬಿಬಿಟ್ಟಿದ್ದೀರಲ್ಲ!”

ಮಾರಕ್ಕನ ಮುಖ ಕೆಂಪಾಯಿತು. ಬೇರೆ ಪ್ರಿಂಟು ಹಾಕಿಕೊಟ್ಟಳು. ಆದರೆ ಅವನನ್ನು ಸುಮ್ಮನೆ ಹೋಗಲು ಬಿಡಲಿಲ್ಲ.

“ಅಲ್ಲಿ ಚುಕ್ಕಿ ಯಾಕಿಲ್ಲ? ಆಕಾಸ ತೂತಾಗೈತಾ?”

“ತೂತಲ್ಲ. ದಕ್ಷಿಣದಲ್ಲಿ ತ್ರಿಶಂಕು ಅಂತ ನಾಲ್ಕು ಚುಕ್ಕಿ ಇದಾವಲ್ಲ, ಅದರ ಪಕ್ಕದಲ್ಲಿರೋ ದೂಳಿನ ಮೋಡ. ಹಿಂದಿರೋ ನಕ್ಷತ್ರಗಳ ಬೆಳಕನ್ನ ಅಡ್ಡ ನಿಂತು ತಡೀತದೆ.”

“ಮೋಡನೇ ಅಂತ ಎಂಗೆ ಯೋಳ್ತೀಯಾ? ಖಾಲಿ ಜಾಗಾನೂ ಇಂಗೇ ಕಾಣ್ತದಲ್ಲಪ್ಪ.”

ನರಸಿಂಹಯ್ಯ ಅವಳ ಭೂತಗನ್ನಡಿಯನ್ನೇ ಅವಳ ಕೈಗಿತ್ತು, ಕಪ್ಪಿನ ಅಂಚು ನೋಡಲು ಹೇಳಿದ. ಅಂಚಿನಲ್ಲಿ ನಕ್ಷತ್ರಗಳು ಮಂಕಾಗುತ್ತ ಹೋಗಿದ್ದವು. ಬಣ್ಣದ ಫಿಲ್ಮಿನಲ್ಲಾದರೆ ಅವು ಕೆಂಪಗೂ ಕಾಣುತ್ತವಂತೆ, ದೂಳಿನ ಹಿಂದಿನ ಸಂಜೆ ಸೂರ್ಯನ ಹಾಗೆ. ಕಪ್ಪಿನ ನಡುವೆ ಒಂದೆರಡು ಚುಕ್ಕಿ ಮಾತ್ರ ಸ್ವಚ್ಛವಾಗಿದ್ದವು. ಅವಳು ಗಾಜನ್ನು ಅವುಗಳ ಮೇಲೆ ನಿಲ್ಲಿಸಿದಳು.

“ಇವು ಈ ಕಡೆ ನಿಂತಿರೋವು ಅಲ್ವಾ?” ಎಂದಳು ತಟ್ಟನೆ. “ಕಣದಾಗೆ ರಾಗಿ ತೂರೋವಾಗ ದೂಳಿನ ಆ ಕಡೆಯೋರು ಕಾಣಾಕಿಲ್ಲ, ಈ ಕಡೆಯೋರು ಕಾಣ್ತಾರೆ. ಅಂಗೆ!”

“ಅದೇ ಕಣಕ್ಕಾ, ಅದೇ! ಇಂಥ ಮೋಡಗಳ ಒಳಗೇ ಹೊಸ ನಕ್ಷತ್ರ ಹುಟ್ಟೋದು ಅಂತಾರೆ.”

“ಹುಟ್ಟೋದಾ?” ಮಾರಕ್ಕ ಕನ್ನಡಿ ಕೆಳಗಿಟ್ಟಳು. “ಅಂಗಾದ್ರೆ ನಾನೂ ತೆಗೀಬೇಕು ಅದರ ಫೋಟೊ.”

ಚಿನ್ನಪ್ಪ ನಕ್ಕ, ಆದರೂ ಕ್ಯಾಮೆರಾ ಕೊಟ್ಟ. ಮಳೆ ಬಂದು ಆಕಾಶ ತೊಳೆದ ಮರುದಿನ, ಊಟ ಮುಗಿಸಿ ಎಲ್ಲರೂ ಕೆರೆ ಏರಿಗೆ ಹೊರಟರು. ಅತ್ತೆ ಚಿಕ್ಕಮುನಿಯಮ್ಮ ಹುರಿಗಡಲೆ ಕಟ್ಟಿಕೊಂಡು ತಾನೂ ಬಂದಳು. ದಕ್ಷಿಣಕ್ಕೆ ದೀಪವೇ ಇಲ್ಲದ ಬಯಲು. ತಗ್ಗಿನಲ್ಲಿ ತ್ರಿಶಂಕುವಿನ ನಾಲ್ಕು ಚುಕ್ಕಿ, ಅದರ ಎಡಕ್ಕೆ ಆ ಕಪ್ಪು.

ನರಸಿಂಹಯ್ಯ ತಾನೇ ಮಾಡಿದ ಯಂತ್ರ ತಂದಿದ್ದ: ಬಾಗಿಲಿನ ಕೀಲಿನಿಂದ ಜೋಡಿಸಿದ ಎರಡು ಹಲಗೆ, ಅದಕ್ಕೊಂದು ಉದ್ದ ತಿರುಪು. ತಿರುಪನ್ನು ಮೆಲ್ಲಗೆ ತಿರುಗಿಸುತ್ತಿದ್ದರೆ ಕ್ಯಾಮೆರಾ ನಕ್ಷತ್ರಗಳ ಜೊತೆಯಲ್ಲೇ ಸಾಗುತ್ತದೆ, ಇಲ್ಲದಿದ್ದರೆ ಚುಕ್ಕಿಗಳು ಗೆರೆಯಾಗುತ್ತವೆ. ಕುಂಚ ಹಿಡಿದು ಪಳಗಿದ ಮಾರಕ್ಕನ ಕೈ ಅಲುಗಲಿಲ್ಲ. ಆದರೆ ಅತ್ತೆ “ಹಾವು! ಹಾವು!” ಎಂದು ಕೂಗಿ ಚಿನ್ನಪ್ಪನ ಮೇಲೆ ಬಿದ್ದಳು, ಚಿನ್ನಪ್ಪ ಹಲಗೆಯ ಮೇಲೆ ಬಿದ್ದ. ಟಾರ್ಚು ಬಿಟ್ಟು ನೋಡಿದರೆ ಎಮ್ಮೆ ಕಟ್ಟುವ ಹಗ್ಗ. ನಗು ನಿಂತ ಮೇಲೆ ಮೊದಲಿಂದ ಶುರುಮಾಡಿದರು.

ಮರುದಿನ ಕತ್ತಲೆ ಕೋಣೆಯ ಕೆಂಪು ದೀಪದಡಿ, ತಟ್ಟೆಯ ದ್ರಾವಣದಲ್ಲಿ ಕಾಗದ ತೇಲಿತು. ಮೊದಲು ತ್ರಿಶಂಕು, ಆಮೇಲೆ ಸಾವಿರ ಚುಕ್ಕಿ, ಅವುಗಳ ನಡುವೆ ಅಂಚೆಲ್ಲ ಹರಿದ ಕಪ್ಪು ಮೋಡ.

“ಬಂತೂ!” ಎಂದು ಮಾರಕ್ಕ ಕಿರುಚಿದಳು. ಏನಾಯಿತೋ ಎಂದು ಚಿನ್ನಪ್ಪ ಧಡಾರನೆ ಬಾಗಿಲು ತೆರೆದ. ಬಿಸಿಲು ಒಳನುಗ್ಗಿ ಕಾಗದವೆಲ್ಲ ಕಪ್ಪಾಗಿಹೋಯಿತು.

“ನೋಡಿ, ಆಕಾಸ ಪೂರ್ತಿ ಮೋಡ ಕವುಸ್ಬಿಟ್ರಿ!” ಎಂದು ಅವಳು ಗಂಡನನ್ನು ಹೊರದಬ್ಬಿ, ಚಿಲಕ ಹಾಕಿಕೊಂಡು ಇನ್ನೊಂದು ಪ್ರಿಂಟು ಹಾಕಿದಳು.

ಅದನ್ನು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ, ಮದುವೆ ಜೋಡಿಗಳ ನಡುವೆ ತೂಗುಹಾಕಿದರು. ಬಂದವರೆಲ್ಲ ಏನಿದು ಎಂದು ಕೇಳುತ್ತಿದ್ದರು. ಉತ್ತರಕ್ಕೆ ಮೊದಲು ಬಾಯಿ ಹಾಕುತ್ತಿದ್ದವಳು ಚಿಕ್ಕಮುನಿಯಮ್ಮ.

“ನಮ್ಮ ಸೊಸೆ ತೆಗೆದಿದ್ದು. ಬಾಣಂತಿ ಮನೆ ಕಣಮ್ಮ ಅದು, ಚುಕ್ಕಿಗಳದ್ದು. ಅದುಕ್ಕೇ ದೀಪ ಆರ್ಸವ್ರೆ.”